ನಮ್ಮತ್ತೆ ಮತ್ತು ಏರು ಹತ್ತದ ಲಾರಿ

ನಮ್ಮತ್ತೆಯ ಬಲಗಾಲಿನ ಅಂಗಾಲು ಎಡಗಾಲಿನದಕ್ಕಿಂತ ಕಪ್ಪಗಿತ್ತು. ಸುಟ್ಟ ರೊಟ್ಟಿಯ ಅಂಚಿನ ಹಾಗೆ ಗಟ್ಟಿಯಾಗಿ, ಹಿಮ್ಮಡಿಯ ಹತ್ತಿರ ಬಿರುಕು ಬಿಟ್ಟಿತ್ತು. ಲಾರಿ ಹತ್ತಿದ ಕೂಡಲೇ ಅವರು ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳುತ್ತಿದ್ದರು. ಎಡಗಾಲನ್ನು ಮಡಚಿ ಸೀಟಿನ ಮೇಲಿಟ್ಟುಕೊಂಡು, ಬಲಗಾಲನ್ನು ಚಾಚಿ ಇಂಜಿನ್ನಿನ ಮುಚ್ಚಳದ ಮೇಲೆ ಊರುತ್ತಿದ್ದರು. ನಮ್ಮದು ಹಳೆಯ ಲಾರಿ. ಡ್ರೈವರ್ ಸೀಟಿಗೂ ಪಕ್ಕದ ಸೀಟಿಗೂ ನಡುವೆ ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಇಂಜಿನ್ನು. ಮೇಲೆ ಹಳೇ ಕಂಬಳಿ ಹಾಸಿದ್ದರೂ ಬೇಸಿಗೆಯಲ್ಲಿ ಕೈ ಇಡಲಾಗದಷ್ಟು ಕಾವು. ಆ ಕಾವಿನ ಮೇಲೆ ವರ್ಷಗಟ್ಟಲೆ ಇಟ್ಟ ಕಾಲು ಅದು.

ಲಾರಿಯನ್ನು ಕೊಂಡವರು ನಮ್ಮ ಮಾವ. ಜಂಗಮಕೋಟೆಯ ಸುತ್ತಲಿನ ಹಳ್ಳಿಗಳ ತೋಟಗಳಿಂದ ಟೊಮೇಟೊ ಕ್ರೇಟುಗಳನ್ನು ತುಂಬಿಕೊಂಡು ಚಿಂತಾಮಣಿಯ ಮಂಡಿಗೆ ಮುಟ್ಟಿಸುವುದು ಮನೆಯ ಕಸುಬು. ಮಾವ ತೀರಿಕೊಂಡ ಮೇಲೆ ನಮ್ಮ ಮನೆಯವರು ಸ್ಟೀರಿಂಗ್ ಹಿಡಿದರು, ಆದರೆ ಅತ್ತೆ ತಮ್ಮ ಸೀಟು ಬಿಡಲಿಲ್ಲ. ಮಂಡಿಗೆ ಬರಲಾಗದ ಬೆಳೆಗಾರರು ಅವರನ್ನು ನಂಬಿಯೇ ಕ್ರೇಟು ಏರಿಸುತ್ತಿದ್ದರು. ಹರಾಜಿನಲ್ಲಿ ಯಾರ ಹಣ್ಣು ಹೇಗೆ ಹೋಯಿತು, ಯಾವ ದಲ್ಲಾಳಿ ಮುಖ ಸಿಂಡರಿಸಿದ, ಎಲ್ಲವನ್ನೂ ವಾಪಸ್ ಬಂದು ಮನೆಮನೆಗೆ ಹೇಳುವವರು ಅವರೇ.

ನಾನು ಗೌರಿಬಿದನೂರಿನವಳು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನಮ್ಮ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುವವರು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಗಂಟಲು ಕೇಳಿದರೇ ನಾನು ಒಳಗೆ ಸರಿದುಬಿಡುತ್ತಿದ್ದೆ. ಅವರ ತವರು ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿ. ಕೋಪ ಬಂದರೆ ಕನ್ನಡ ಬಿಟ್ಟು ತೆಲುಗಿಗೆ ಇಳಿಯುತ್ತಿದ್ದರು. "ಚೂಸಿಂದಿ ಚೆಪ್ಪು" ಎನ್ನುವುದು ಅವರ ಮಾತು. ಕಂಡಿದ್ದನ್ನು ಹೇಳು, ಊಹೆ ಬೇಡ ಎಂದು. ಹಾಲು ಒಡೆದುಹೋಯಿತು ಅಂದರೆ ಸಾಕು, ಯಾವಾಗ ಕಾಯಿಸಿದ್ದು, ಪಾತ್ರೆ ಯಾವುದು, ಅದರಲ್ಲಿ ಮೊದಲು ಏನಿತ್ತು ಎಂದು ಶುರುವಾಗುತ್ತಿತ್ತು. ಒಡೆದ ಹಾಲನ್ನು ಚೆಲ್ಲಿ ಕೈ ತೊಳೆದುಕೊಂಡರೂ ಅವರ ಪ್ರಶ್ನೆ ಮುಗಿಯುತ್ತಿರಲಿಲ್ಲ. ಇಂಥವರ ಜೊತೆ ಬಾಳುವುದು ಹೇಗೆ ಎಂದು ನಾನು ಅಮ್ಮನ ಹತ್ತಿರ ಅತ್ತದ್ದೂ ಉಂಟು.

ಲಾರಿಗೆ ರೋಗ ಹಿಡಿದದ್ದು ಒಂದು ಯುಗಾದಿ ಕಳೆದ ಮೇಲೆ, ಟೊಮೇಟೊ ಜೋರಾಗಿ ಬರುತ್ತಿದ್ದ ದಿನಗಳಲ್ಲಿ. ಲೋಡು ತುಂಬಿಕೊಂಡು ಎಚ್ ಕ್ರಾಸ್ ದಾಟಿ ಏರು ಹತ್ತುವಾಗ ಅತ್ತೆ ತಟ್ಟನೆ ಕಾಲೆತ್ತಿ ಮತ್ತೆ ಊರಿ ನೋಡಿ, ಮಿಸ್ಸಿಂಗ್ ಹೊಡೀತಿದೆ, ಇಂಜಿನ್ನು ತಾಳ ತಪ್ತಿದೆ ಅಂದರಂತೆ. ನಮ್ಮ ಮನೆಯವರು, ಏನೂ ಇಲ್ಲ, ರಸ್ತೆ ಹಾಗಿದೆ ಅಂದರಂತೆ. ಸ್ವಲ್ಪ ದೂರ ಹೋಗುವುದರೊಳಗೆ ಇಂಜಿನ್ನು ದಡದಡ ನಡುಗಿ, ಎಷ್ಟು ಒತ್ತಿದರೂ ಪಿಕಪ್ ಬಾರದೆ, ಮುಕ್ಕರಿಯುತ್ತ ನಿಂತುಬಿಟ್ಟಿತು. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬ ಹಾಗೆ ಹೊರಟಿತು.

ಅದೇ ಅದರ ಚಾಳಿಯಾಯಿತು. ಖಾಲಿ ಇದ್ದಾಗ ಓಡುತ್ತಿತ್ತು. ತುಂಬಿದ ಲೋಡು, ಬಿಸಿಲು, ಏರು ಮೂರೂ ಸೇರಿದಾಗ ನಿಲ್ಲುತ್ತಿತ್ತು. ಅದೂ ಎಲ್ಲ ದಿನವೂ ಅಲ್ಲ. ಶಿಡ್ಲಘಟ್ಟದ ಮೆಕ್ಯಾನಿಕ್ ಡೀಸೆಲ್ ಫಿಲ್ಟರ್ ಬದಲಿಸಿದ, ಎರಡು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಇನ್ನೊಬ್ಬ ನಾಝಲ್ ಬಿಚ್ಚಿ ತೊಳೆದ. ಮತ್ತೊಬ್ಬ, ಲೈನಿನಲ್ಲಿ ಗಾಳಿ ಸೇರಿದೆ ಎಂದು ಗಾಳಿ ತೆಗೆದುಕೊಟ್ಟ. ಚಿಕ್ಕಬಳ್ಳಾಪುರದ ಗ್ಯಾರೇಜಿನವರು ಡೀಸೆಲ್ ಪಂಪನ್ನೇ ಕಳಚಿ ಸರ್ವೀಸಿಗೆ ಕಳಿಸಿದರು. ಟ್ಯಾಂಕು ಇಳಿಸಿ ತೊಳೆದರು. ಪೈಪುಗಳಿಗೆ ಬಾಯಿಟ್ಟು ಊದಿ, ಕ್ಲೀನಾಗಿದೆ ಅಂದರು. ಲಾರಿ ಗ್ಯಾರೇಜಿನಲ್ಲಿದ್ದಷ್ಟು ದಿನ ಬೆಳೆಗಾರರ ಹಣ್ಣು ಕ್ರೇಟಿನಲ್ಲೇ ಮೆತ್ತಗಾಗುತ್ತಿತ್ತು. ರಿಪೇರಿಯಾಗಿ ಬಂದ ಲಾರಿ ಮೂರನೆಯ ಲೋಡಿಗೆ ಅದೇ ಏರಿನಲ್ಲಿ, ಅದೇ ಹುಣಸೆಮರದ ಹತ್ತಿರ ನಿಂತಿತು. ನಮ್ಮ ಮನೆಯವರು ಆ ದಿನ ಮನೆಗೆ ಬಂದು ಊಟದ ತಟ್ಟೆಯ ಮುಂದೆ ಕೂತು, ಒಂದು ತುತ್ತನ್ನೂ ತಿನ್ನದೆ ಎದ್ದುಹೋದರು.

ಅತ್ತೆಗೆ ಮಾತ್ರ ಒಂದೇ ಹಟ. ಇದು ಬಂಕಿನವರ ಮೋಸ, ಡೀಸೆಲ್ಲಿಗೆ ನೀರು ಬೆರೆಸಿದ್ದಾರೆ ಎಂದು ತೀರ್ಮಾನಿಸಿಬಿಟ್ಟಿದ್ದರು. ಗಾಜಿನ ಬಾಟಲಿಯಲ್ಲಿ ಡೀಸೆಲ್ ಹಿಡಿದು, ಬಿಸಿಲಿಗೆ ಎತ್ತಿ ನೋಡಿ, ಬಂಕಿನ ಮುಂದೆ ನಿಂತು ಜಗಳವಾಡಿದರು. ಅಲ್ಲಿದ್ದವರೆಲ್ಲ ಗಾಡಿ ನಿಲ್ಲಿಸಿಕೊಂಡು ನೋಡಿದರಂತೆ. ಬಂಕು ಬದಲಿಸಿದರೂ ಲಾರಿ ನಿಲ್ಲುವುದು ತಪ್ಪಲಿಲ್ಲ. ಆದರೂ ತಮ್ಮ ಮಾತು ತಪ್ಪು ಎಂದು ಅವರು ಒಪ್ಪಲಿಲ್ಲ. ಎಲ್ಲ ಬಂಕಿನವರೂ ಒಂದೇ ಅಂದರು. ಜೊತೆಗೆ ಮಗನನ್ನು ದಿನಾ ಕೇಳುವುದು: "ಇದು ಶುರುವಾಗೋಕೆ ಮುಂಚೆ ಏನು ಮುಟ್ಟಿದ್ದೆ, ನೆನಪು ಮಾಡ್ಕೊಳಪ್ಪ." ನಮ್ಮ ಮನೆಯವರು ದಿನಾ ಏನೂ ಇಲ್ಲ ಅನ್ನುವುದು. ಕೊನೆಕೊನೆಗೆ ಆ ಪ್ರಶ್ನೆ ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದರು.

ಬೆಳೆಗಾರರು ಎಷ್ಟು ದಿನ ಕಾದಾರು? ಹರಾಜು ಮುಗಿದ ಮೇಲೆ ಮುಟ್ಟಿದ ಹಣ್ಣನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಒಬ್ಬೊಬ್ಬರಾಗಿ ಬೇರೆ ಗಾಡಿ ನೋಡಿಕೊಂಡರು. ಮಾವನ ಕಾಲದಿಂದ ನಮಗೇ ಲೋಡು ಕೊಡುತ್ತಿದ್ದ ಮುದುಕರೊಬ್ಬರು ಒಂದು ಬೆಳಿಗ್ಗೆ, ನಮ್ಮ ಮನೆಯ ಮುಂದಿನ ದಾರಿಯಲ್ಲೇ, ಬೇರೆಯವರ ಗಾಡಿಗೆ ಕ್ರೇಟು ಏರಿಸಿದರು. ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ಆ ಮುದುಕರು ತಲೆ ಬಗ್ಗಿಸಿಕೊಂಡು ಹೋದರು. ಜಗಳ ಮಾಡಿಯಾರು ಎಂದು ನಾನು ಕಾದೆ. ಅವರು ಹುಣಸೆಹಣ್ಣು ಬಿಡಿಸುತ್ತಲೇ ಇದ್ದರು.

ಆ ವಾರದಲ್ಲೇ ಎಚ್ ಕ್ರಾಸಿನ ಘಟನೆ ನಡೆಯಿತು. ಚಿಂತಾಮಣಿಯಲ್ಲಿ ನನಗೆ ಕೆಲಸವಿದ್ದದ್ದರಿಂದ ಮೂವರೂ ಕ್ಯಾಬಿನ್ನಿನಲ್ಲಿದ್ದೆವು. ಕ್ರಾಸಿನಲ್ಲಿ ಲೋಡು ಹೊತ್ತು, ಜೋರಾಗಿ ಎಳೆಯುತ್ತ ದೊಡ್ಡ ರಸ್ತೆಗೆ ಅಡ್ಡವಾಗಿ ನುಗ್ಗಿದ ಲಾರಿ ನಡುರಸ್ತೆಯಲ್ಲಿ ಒಮ್ಮೆ ಮುಕ್ಕರಿದು ಸತ್ತಹಾಗೆ ನಿಂತಿತು. ನನ್ನ ಬದಿಯಿಂದ ಬಸ್ಸೊಂದು ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಅದರ ಗಾಜಿನ ಹಿಂದೆ ಡ್ರೈವರ್ ಎದ್ದುನಿಂತು ಬ್ರೇಕು ಒತ್ತುತ್ತಿದ್ದುದು ನನಗೆ ಕಾಣುತ್ತಿತ್ತು. ಅತ್ತೆ ನನ್ನ ತಲೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಮೇಲೆ ಬಗ್ಗಿದರು. ಬಸ್ಸು ಬಾಗಿಲಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಜನ ಕೂಡಿ ಲಾರಿಯನ್ನು ಬದಿಗೆ ತಳ್ಳಿದರು. ನಮ್ಮ ಮನೆಯವರು ರಸ್ತೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಇದನ್ನು ಮಾರಿಬಿಡುತ್ತೇನೆ ಅಂದರು. ಅತ್ತೆ ಬೇಡವೆನ್ನಲಿಲ್ಲ.

ಕೊಳ್ಳುವವನನ್ನು ಹುಡುಕಿದ್ದು ನನ್ನ ಅಣ್ಣ. ಗೌರಿಬಿದನೂರು ಕಡೆಯ ಯುವಕ, ಮನೆ ಕಟ್ಟುವ ಸೈಜುಗಲ್ಲು ಸಾಗಿಸುವ ಕೆಲಸಕ್ಕೆ ಗಾಡಿ ಬೇಕಾಗಿತ್ತು. ಅಣ್ಣನೇ ಅವನನ್ನು ಕರೆದುಕೊಂಡು ಬಂದ. ಖಾಲಿ ಲಾರಿಯನ್ನು ಓಡಿಸಿ ನೋಡಿದ, ಅದು ಬೆಣ್ಣೆಯ ಹಾಗೆ ಹೋಯಿತು. ಇಂಜಿನ್ನಿನ ಸದ್ದು ಕೇಳಿ ಅವನ ಮುಖ ಅರಳಿತು. ಮಾತು ಮುಗಿದು, ವೀಳ್ಯದೆಲೆಯ ತಟ್ಟೆ ಹೊರಗೆ ಬರಬೇಕು, ಅಷ್ಟರಲ್ಲಿ ಅತ್ತೆ ಕಾಫಿ ಲೋಟ ಅವನ ಕೈಗೆ ಕೊಟ್ಟು ಎದುರಿಗೆ ಕೂತರು.

"ಯಾವ ರಸ್ತೇಲಿ ಓಡಿಸ್ತೀಯಪ್ಪ?"

ಬೆಟ್ಟದ ಬುಡದ ಕಡೆ, ಕ್ವಾರಿಯಿಂದ ಅಂದ ಅವನು.

"ಹಂಗಾದ್ರೆ ಕೇಳು. ಇದು ಲೋಡ್ ಹಾಕ್ಕೊಂಡು ಏರು ಹತ್ತುವಾಗ ನಿಂತೋಗುತ್ತೆ. ಯಾಕೆ ಅಂತ ನಮಗಿನ್ನೂ ಗೊತ್ತಾಗಿಲ್ಲ. ಮೊನ್ನೆ ಮೂರು ಜನಾನೂ ಸಾಯ್ತಿದ್ವಿ."

ಅವನು ನಮ್ಮಣ್ಣನ ಮುಖ ನೋಡಿದ. ಅಣ್ಣ ನನ್ನ ಮುಖ ನೋಡಿದ. ಕಾಫಿಯನ್ನು ಅರ್ಧಕ್ಕೇ ಇಟ್ಟು ಅವನು ಹೋಗಿಬಿಟ್ಟ. ನಮ್ಮ ಮನೆಯವರು ಅಂದು ತಾಯಿಗೆ ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ನನಗೂ ಮೈಯೆಲ್ಲ ಉರಿಯಿತು. ನನ್ನ ತವರಿನವರ ಮುಖಕ್ಕೆ ಮಸಿ ಬಳಿದರಲ್ಲ, ಇರುವ ಒಂದು ದಾರಿಯನ್ನೂ ಮುಚ್ಚಿದರಲ್ಲ ಎಂದು. ಅತ್ತೆ ಒಂದೇ ಮಾತು ಹೇಳಿದರು: "ಆ ಹುಡುಗನಿಗೂ ಮನೇಲಿ ಹೆಂಡ್ತಿ ಇರ್ತಾಳೆ ಕಣಪ್ಪ. ರೋಗ ಯಾವುದು ಅಂತ ತಿಳೀಲಿ, ಆಮೇಲೆ ಮಾರು." ನಮ್ಮ ಮೂವರ ನಡುವೆ ಹಲವು ದಿನ ಮಾತಿರಲಿಲ್ಲ. ಲಾರಿ ಅಂಗಳದಲ್ಲಿ ನಿಂತಿತ್ತು. ಅದರ ನೆರಳಿನಲ್ಲಿ ನಾಯಿ ಮಲಗುತ್ತಿತ್ತು.

ಆಮೇಲೆ ಅತ್ತೆ ಚಿಂತಾಮಣಿಗೆ ಬಸ್ಸು ಹತ್ತಿ ಹೋಗಿ, ಅಲ್ಲಿನ ಒಬ್ಬ ಮೆಕ್ಯಾನಿಕ್ಕಿನ ಅಂಗಡಿಯ ಮುಂದೆ ಹಳೇ ಟೈರಿನ ಮೇಲೆ ಕೂತರು. ಎಲ್ಲರೂ ಭಾಯಿ ಎಂದು ಕರೆಯುತ್ತಿದ್ದ ಆತ ಮಾವನಿಗೆ ಪರಿಚಯದವರು. ಗಾಡಿ ಇಲ್ಲಿಗೇ ತನ್ನಿ, ನೋಡುತ್ತೇನೆ ಅಂದರಂತೆ. ಇಲ್ಲಿಗೆ ತಂದರೆ ಅದು ಸುಳ್ಳು ಹೇಳುತ್ತದೆ, ಲೋಡು ಹಾಕಿದ ಲಾರಿಯಲ್ಲಿ ನೀನೇ ನಮ್ಮ ಜೊತೆ ಬಂದು ಕೂರಬೇಕು ಎಂದರಂತೆ ಅತ್ತೆ. ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದು ಭಾಯಿ ಹೇಳಿದ್ದಾರೆ. ಇವರು ಎದ್ದಿಲ್ಲ. ಮಧ್ಯಾಹ್ನದ ಊಟದ ಹೊತ್ತಾದರೂ ಎದ್ದಿಲ್ಲ. ಕೊನೆಗೆ ಆತ ಸೋತು ಒಪ್ಪಿಕೊಂಡರು.

ಲೋಡಿಗೆ ಟೊಮೇಟೊ ಕೊಡುವವರು ಯಾರು? ಕೆಂಚಾರ್ಲಹಳ್ಳಿಯಲ್ಲಿ ಅತ್ತೆಯ ತಮ್ಮನ ಮನೆಯ ತಿಪ್ಪೆಗೊಬ್ಬರವನ್ನು ದಿಬ್ಬದ ಮೇಲಿನ ಹೊಲಕ್ಕೆ ಸಾಗಿಸುವುದಿತ್ತು. ಅದನ್ನೇ ತುಂಬಿಸಿದರು. ನಾನೂ ಹೋದೆ. ಅತ್ತೆ ಹಿಂದಿನ ದಿನ, ನೀನೂ ಬಾ, ನೋಡ್ಕೊಂಡಿರು ಅಂದಿದ್ದರು. ಮಾತು ಬಿಟ್ಟು ಅಷ್ಟು ದಿನವಾದ ಮೇಲೆ ಅವರು ಆಡಿದ ಮೊದಲ ಮಾತು, ಇಲ್ಲವೆನ್ನಲು ನನಗೆ ಆಗಲಿಲ್ಲ.

ಬೆಳಗಿನ ಮೊದಲ ಲೋಡು ದಿಬ್ಬವನ್ನು ಸಲೀಸಾಗಿ ಹತ್ತಿತು. ಗೊಬ್ಬರದ ನಾತಕ್ಕೆ ಭಾಯಿ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡಿದ್ದರು. ಎಲ್ಲಮ್ಮಾ ನಿಮ್ಮ ರೋಗ ಎಂದು ಕೇಳಿದರು. ಇನ್ನೊಂದು ಸಲ ಅಂದರು ಅತ್ತೆ. ಎರಡನೆಯ ಲೋಡೂ ಹತ್ತಿತು. ನಮ್ಮ ಮನೆಯವರು ಸ್ಟೀರಿಂಗನ್ನು ಗುದ್ದಿ, ನಿಲ್ಲಬೇಕಾದಾಗ ನಿಲ್ಲಲ್ಲ ಮುಂಡೇದು ಅಂದರು. ಭಾಯಿ ಗಡಿಯಾರ ನೋಡತೊಡಗಿದರು. ಲಾರಿ ಕೆಟ್ಟು ನಿಲ್ಲಲಪ್ಪ ದೇವರೇ ಎಂದು ನಾವೆಲ್ಲ ಬೇಡಿಕೊಳ್ಳುತ್ತಿದ್ದೆವು. ಅಂಥ ಗತಿ ಬಂದಿತ್ತು.

ಬಿಸಿಲು ನೆತ್ತಿಗೆ ಬಂದ ಮೇಲೆ ಮತ್ತೆ ತುಂಬಿಸಿದೆವು. ದಿಬ್ಬದ ಅರ್ಧಕ್ಕೆ ಬಂದಾಗ ಅತ್ತೆ ಮುಚ್ಚಳದ ಮೇಲಿನ ಕಾಲನ್ನು ಒತ್ತಿ ಹಿಡಿದು, "ಬಂತು ನೋಡು" ಅಂದರು. ನನಗೆ ಏನೂ ಕೇಳಿಸಿರಲಿಲ್ಲ. ಮರುಕ್ಷಣ ಇಂಜಿನ್ನು ನಡುಗಿತು, ಪಿಕಪ್ ಇಳಿಯಿತು, ನಿಂತಿತು. ನಾನು ಇಳಿದು ಚಕ್ರದ ಹಿಂದೆ ಕಲ್ಲು ಕೊಟ್ಟೆ. ಇನ್ನೊಮ್ಮೆ ಸ್ಟಾರ್ಟ್ ಮಾಡಬೇಡಿ, ಯಾರೂ ಏನೂ ಮುಟ್ಟಬೇಡಿ ಎಂದು ಭಾಯಿ ಕೂಗಿದರು. ಫಿಲ್ಟರಿನ ಹತ್ತಿರದ ಸ್ಕ್ರೂ ಸಡಿಲಿಸಿ ನೋಡಿದರೆ ಚಿಮ್ಮಬೇಕಾಗಿದ್ದ ಡೀಸೆಲ್ ಕಣ್ಣೀರಿನ ಹಾಗೆ ತೊಟ್ಟಿಕ್ಕಿತು. ಆತ ತಲೆದೂಗಿದರು. ಟ್ಯಾಂಕಿನಿಂದ ಇಲ್ಲಿಗೆ ಡೀಸೆಲ್ ಬರುತ್ತಿಲ್ಲ, ಇಂಜಿನ್ನಿನದು ಏನೂ ತಪ್ಪಿಲ್ಲ ಅಂದರು. ತಾವು ತಂದಿದ್ದ ಒಂದು ಕ್ಯಾನು ಡೀಸೆಲ್ಲನ್ನು ಕ್ಯಾಬಿನ್ನಿನಲ್ಲಿಟ್ಟು, ಹೊಸ ಪೈಪಿನಿಂದ ನೇರವಾಗಿ ಪಂಪಿಗೆ ಜೋಡಿಸಿ, ಈಗ ಹೊಡೀರಿ ಅಂದರು. ಲಾರಿ ದಿಬ್ಬದ ತುದಿಗೆ ಹೋಗಿ ನಿಂತಿತು.

ಭಾಯಿ ಲಾರಿಯ ಕೆಳಗೆ ಮಲಗಿ ಟ್ಯಾಂಕಿನ ಹತ್ತಿರದಿಂದ ಒಂದು ಗೇಣುದ್ದದ ಪೈಪು ಬಿಚ್ಚಿ ತಂದರು. ಹೊರಗಿನಿಂದ ಹೊಸದರ ಹಾಗೇ ಇತ್ತು. ಬಾಯಿಟ್ಟು ಊದಿದರು, ಗಾಳಿ ಸರಾಗವಾಗಿ ಹೋಯಿತು. ಎಲ್ಲ ಗ್ಯಾರೇಜಿನವರೂ ಊದಿಯೇ ನೋಡಿದ್ದರು. ಆಮೇಲೆ ಅದನ್ನೇ ಬಾಯಿಂದ ಹೀರಿದರು. ಗಾಳಿ ಬರಲಿಲ್ಲ. ಚಾಕುವಿನಿಂದ ಉದ್ದಕ್ಕೆ ಸೀಳಿದಾಗ ಒಳಗಿನ ಪದರ ಡೀಸೆಲ್ಲಿಗೆ ಊದಿಕೊಂಡು, ಎದ್ದು, ನಾಲಿಗೆಯ ಹಾಗೆ ಜೋತುಬಿದ್ದಿತ್ತು. ಬಿಸಿಲಿಗೆ ಮೆತ್ತಗಾಗಿ, ಇಂಜಿನ್ನು ಜೋರಾಗಿ ಎಳೆದಾಗ ಅದು ದಾರಿ ಮುಚ್ಚುತ್ತಿತ್ತು, ನಿಂತಾಗ ಬಿಡುತ್ತಿತ್ತು.

"ಇದು ಡೀಸೆಲ್ ಪೈಪ್ ಅಲ್ಲಮ್ಮ, ತೋಟಕ್ಕೆ ಔಷಧಿ ಹೊಡಿಯೋ ಪೈಪು. ಯಾರು ಹಾಕಿದ್ದು?" ಎಂದು ಭಾಯಿ ಕೇಳಿದರು.

ನಮ್ಮ ಮನೆಯವರು ಆ ತುಂಡನ್ನೇ ನೋಡುತ್ತ ನಿಂತರು. ಶಿವರಾತ್ರಿಯ ಹೊತ್ತಿಗೆ ಒಂದು ದಿನ ದಾರಿಯಲ್ಲಿ ಹಳೇ ಪೈಪು ಒಡೆದು ಡೀಸೆಲ್ ಸೋರಿತ್ತಂತೆ. ಲೋಡಿತ್ತು, ಹರಾಜಿಗೆ ಹೊತ್ತಾಗುತ್ತಿತ್ತು. ಪಕ್ಕದ ತೋಟದಲ್ಲಿ ಬಿದ್ದಿದ್ದ ಪೈಪನ್ನು ಕತ್ತರಿಸಿ ತುರುಕಿ, ಮಂಡಿಗೆ ಹೋಗಿ ಬಂದ ಮೇಲೆ ಬದಲಿಸೋಣ ಎಂದುಕೊಂಡರಂತೆ. ಮರೆತರು. ಅಷ್ಟು ದಿನ ಅಷ್ಟು ಸಲ ಕೇಳಿದಾಗಲೂ ಅದು ಅವರಿಗೆ ನೆನಪಾಗಿರಲಿಲ್ಲ, ಬಚ್ಚಿಟ್ಟಿದ್ದಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅತ್ತೆ ಈಗ ಅವರನ್ನು ಹರಿದು ತಿನ್ನುತ್ತಾರೆ ಎಂದುಕೊಂಡೆ.

ಅತ್ತೆ ಆ ಪೈಪಿನ ತುಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಭಾಯಿಯ ಕಡೆ ತಿರುಗಿದರು.

"ನಾನೇ ಕಣಪ್ಪ. ಅವತ್ತು ಪಕ್ಕದಲ್ಲಿ ಕೂತ್ಕೊಂಡು, ಹೊತ್ತಾಯ್ತು ಹೊತ್ತಾಯ್ತು ಅಂತ ಅವನ ಪ್ರಾಣ ತಿಂದಿದ್ದು ನಾನೇ. ಅವನು ಇನ್ನೇನು ಮಾಡ್ತಾನೆ. ನಾನೂ ಅಲ್ಲೇ ಇದ್ದೆ, ನನಗೂ ನೆನಪಾಗ್ಲಿಲ್ಲ ನೋಡು."

ತಮ್ಮ ತಪ್ಪನ್ನು ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಬಂಕಿನವರನ್ನೂ ಬಯ್ದುಬಿಟ್ಟೆನಲ್ಲ ಎಂದು ಮೆಲ್ಲಗೆ ಸೇರಿಸಿದರು. ನಮ್ಮ ಮನೆಯವರು ಲಾರಿಯ ಆಚೆ ಬದಿಗೆ ಹೋಗಿ ಮುಖ ಒರೆಸಿಕೊಂಡರು.

ರೋಗ ಸಿಕ್ಕಿತೆಂದು ಯಾರಿಗೂ ಸಂತೋಷವಾಗಲಿಲ್ಲ. ಅದನ್ನು ನಿಜವಾಗಿ ಹೇಳಬೇಕು. ಒಂದು ಗೇಣು ಪೈಪಿಗಾಗಿ ಇಡೀ ಬೇಸಿಗೆ ಹೋಗಿತ್ತು. ಬೇರೆ ಗಾಡಿ ಹಿಡಿದ ಬೆಳೆಗಾರರಲ್ಲಿ ಕೆಲವರು ವಾಪಸ್ ಬಂದರು, ಕೆಲವರು ಬರಲೇ ಇಲ್ಲ. ಲೋಡು ಅರ್ಧ ಮಾತ್ರ ತುಂಬಿದ ದಿನ ನಮ್ಮ ಮನೆಯವರು ಮಂಡಿಯಿಂದ ಬಂದು ಯಾರನ್ನು ಬಯ್ಯಬೇಕೆಂದು ತಿಳಿಯದೆ ಬಚ್ಚಲ ಬಾಗಿಲನ್ನು ಒದೆಯುತ್ತಿದ್ದರು. ಲಾರಿಯನ್ನು ಮಾತ್ರ ಮಾರಲಿಲ್ಲ. ಈಗ ಮಾರಬಹುದಲ್ಲ ಎಂದು ನಾನೇ ಕೇಳಿದ್ದೆ. ಅತ್ತೆ, ನೀನು ಲಾರಿ ಹೊಡೆಯೋದು ಕಲಿ ಅಂದರು. ನಾನು ನಕ್ಕುಬಿಟ್ಟೆ.

"ನಗಬೇಡ. ಅವನೊಬ್ಬನೇ ಇದ್ರೆ ಆತುರ ಬೀಳ್ತಾನೆ, ನಾನು ಪಕ್ಕದಲ್ಲಿದ್ರೆ ಇನ್ನೂ ಆತುರ ಮಾಡಿಸ್ತೀನಿ. ಗಾಡಿಗೆ ಏನಾಯ್ತು ಅಂತ ತಣ್ಣಗೆ ನೋಡೋರು ಮನೇಲಿ ಇನ್ನೊಬ್ರು ಬೇಕಮ್ಮ."

ನೀರಿಲ್ಲದ ಕೆರೆಯಂಗಳದಲ್ಲಿ ಕಲಿತೆ. ಏರಿಯ ಮೇಲೆ ಕುರಿ ಕಾಯುವವರು ಕೂತು ನೋಡಿ ನಗುತ್ತಿದ್ದರು. ಪಕ್ಕದಲ್ಲಿ ಅತ್ತೆ, ಅವರಿಗೆ ಸ್ಟೀರಿಂಗ್ ಹಿಡಿದು ಗೊತ್ತಿಲ್ಲ, ಆದರೆ ಬಯ್ಗುಳಕ್ಕೆ ಕೊರತೆಯಿಲ್ಲ. ಕ್ಲಚ್ಚಿನ ಮೇಲೆ ಕಾಲಿಟ್ಟು ನಿದ್ದೆ ಮಾಡಬೇಡ, ಗೇರು ಕಡೆ ನೋಡಬೇಡ, ದಾರಿ ನೋಡು. ಎಷ್ಟೋ ದಿನ ಲಾರಿಯನ್ನು ಕೆರೆಯ ನಡುವೆ ನಿಲ್ಲಿಸಿ, ನನಗೆ ಸಾಕು ಎಂದು ಇಳಿದು ನಡೆದುಬಿಟ್ಟಿದ್ದೇನೆ. ಅವರು ಕ್ಯಾಬಿನ್ನಿನಿಂದ ಅಲ್ಲಾಡುತ್ತಿರಲಿಲ್ಲ. ನಾನೇ ವಾಪಸ್ ಬರಬೇಕಾಗುತ್ತಿತ್ತು. ಲೈಸೆನ್ಸ್ ಬಂದ ದಿನ ಅತ್ತೆ ಅದರಲ್ಲಿನ ಫೋಟೋ ನೋಡಿ, ಮುಖ ಯಾಕಮ್ಮ ಇಷ್ಟು ಗಂಟು ಹಾಕ್ಕೊಂಡಿದೀಯ ಅಂದರು. ಅಷ್ಟೇ ಅವರ ಶಹಬ್ಬಾಸ್‌ಗಿರಿ.

ಅವರು ಹೋದದ್ದು ಮರುವರ್ಷದ ಬೇಸಿಗೆಯಲ್ಲಿ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಹಾಗೇ ಗೋಡೆಗೆ ಒರಗಿ ಕೂತರು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರು, ಎದೆನೋವು ಎಂದಿನಿಂದ ಇದೆ ಎಂದು ಕೇಳಿದರು. ಇವತ್ತೇ ಅಂದರು ಅತ್ತೆ. ಪಕ್ಕದ ಮನೆಯಾಕೆ ಮಾತ್ರ, ಹದಿನೈದು ದಿನದಿಂದ ಎದೆ ಒತ್ತಿಕೊಂಡು ಓಮಿನ ನೀರು ಕುಡಿಯುತ್ತಿದ್ದರು, ನಿಮಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದರು ಎಂದು ಅಳುತ್ತ ಹೇಳಿದರು. ನನಗೆ ಎಂಥ ಸಿಟ್ಟು ಬಂತೆಂದರೆ, ಮಂಚದ ಪಕ್ಕ ನಿಂತು, ಯಾಕೆ ಹೇಳಲಿಲ್ಲ ಅತ್ತೆ ಎಂದು ಗದರಿಬಿಟ್ಟೆ. ಅವರ ಮೇಲೆ ನಾನು ದನಿ ಎತ್ತಿದ್ದು ಅದೊಂದೇ ಸಲ.

"ಟಮೋಟ ಸೀಸನ್ ಅಲ್ವೇನಮ್ಮ" ಅಂದರು. ಮಾರನೆಯ ದಿನ ಮಧ್ಯಾಹ್ನ ತೀರಿಕೊಂಡರು.

ತಿಥಿ ಮುಗಿದು ಸ್ವಲ್ಪ ದಿನಕ್ಕೆ ನಮ್ಮ ಮನೆಯವರಿಗೆ ಜ್ವರ ಬಂತು. ಹಣ್ಣು ಕ್ರೇಟಿಗೆ ತುಂಬಿಯಾಗಿತ್ತು. ಬೆಳಿಗ್ಗೆ ಮೊದಲ ಸಲ ನಾನೊಬ್ಬಳೇ ಲಾರಿ ತೆಗೆದೆ. ಹಳ್ಳಿಗಳಲ್ಲಿ ನಿಂತು ನಿಂತು ತುಂಬಿಸಿಕೊಂಡೆ. ಒಬ್ಬಾಕೆ ನನ್ನ ಕೈಗೆ ಒಂದು ಬಾಟಲಿ ಮಜ್ಜಿಗೆ ಕೊಟ್ಟಳು. ಎಚ್ ಕ್ರಾಸು ದಾಟಿದೆ, ಏರು ಹತ್ತಿದೆ, ಹರಾಜು ಶುರುವಾಗುವ ಮೊದಲೇ ಚಿಂತಾಮಣಿಯ ಮಂಡಿಯೊಳಗೆ ಹಿಮ್ಮುಖವಾಗಿ ತಂದು ನಿಲ್ಲಿಸಿದೆ. ಹಮಾಲರು ಕೆಲಸ ನಿಲ್ಲಿಸಿ ನೋಡಿದರು. ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಬಂದದ್ದು ಸಿಟ್ಟು. ಅಷ್ಟು ಬಯ್ದು, ಅಷ್ಟು ಅಳಿಸಿ ಕಲಿಸಿದವರು, ಇದನ್ನು ನೋಡುವುದಕ್ಕೆ ಒಂದು ಬೇಸಿಗೆ ಇರಬಾರದಾಗಿತ್ತೆ ಎಂದು. ಇವತ್ತಿಗೂ ಲೋಡು ಮುಟ್ಟಿಸಿ ಇಂಜಿನ್ನು ಆಫ್ ಮಾಡಿದ ಗಳಿಗೆಯಲ್ಲಿ ಆ ಸಿಟ್ಟು ಬರುತ್ತದೆ. ಬರಲಿ ಎಂದು ಸುಮ್ಮನೆ ಕೂತಿದ್ದು, ಆಮೇಲೆ ಇಳಿಯುತ್ತೇನೆ.